'ಒರಿಜಿನಲಿ': ಒಂದು ಕ್ರಿಯಾವಿಶೇಷಣದ ಚರಿತ್ರೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರಿಗೆಲ್ಲ ಈ ಪ್ರಶ್ನೆ ಗೊತ್ತು. ಮನೆ ಯಜಮಾನರು ಮೊದಲು ಹೆಸರು ಕೇಳುತ್ತಾರೆ. ಹೆಸರಿನಲ್ಲಿ ಏನೂ ಸಿಗಲಿಲ್ಲ ಅಂದರೆ ಕೆಲಸ ಕೇಳುತ್ತಾರೆ. ಅದರಲ್ಲೂ ಸಿಗಲಿಲ್ಲ ಅಂದರೆ ಊರು. 'ತುಮಕೂರು' ಅಂದರೆ ಅವರಿಗೆ ಸಮಾಧಾನ ಇಲ್ಲ. 'ಅದು ಸರಿ, ಒರಿಜಿನಲಿ ಎಲ್ಲಿಯವರು?' ಅಂತ ಮತ್ತೆ ಕೇಳುತ್ತಾರೆ. ಈ ಪ್ರಶ್ನೆಗೆ ಊರಿನ ಹೆಸರು ಉತ್ತರವಲ್ಲ ಅನ್ನುವುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಊರೊಳಗೋ ಕೇರಿಯೊಳಗೋ, ಅದು ಬೇಕು ಅವರಿಗೆ. ಜಾತಿ ಕೇಳುವುದು ಅಸಭ್ಯ ಅಂತ ಕಲಿತ ಓದಿದ ಜನ ಇಂಗ್ಲಿಷಿನ ಒಂದು ಪದದ ಮರೆಯಲ್ಲಿ ನಿಂತು ಅದನ್ನೇ ಕೇಳ್ತಾರೆ.

ಶಾಲೆಯಲ್ಲಿ ಈ ಪದ ಬಂದಾಗ ನಾವು ಮೇಷ್ಟ್ರುಗಳು 'ಕ್ರಿಯಾವಿಶೇಷಣ, ಅರ್ಥ ಮೂಲತಃ' ಅಂತ ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಪದ ನಮ್ಮ ಜನರ ಬಗ್ಗೆ ಸರ್ಕಾರಿ ಕಡತಗಳಲ್ಲಿ, ಗೆಜೆಟಿಯರುಗಳಲ್ಲಿ, ಜನಗಣತಿ ವರದಿಗಳಲ್ಲಿ ನೂರೈವತ್ತು ವರ್ಷಗಳಿಂದ ಕೂತಿದೆ. ಅದು ಅಲ್ಲಿ ಕೂತು ಏನು ಮಾಡಿತು ಅಂತ ನೋಡಬೇಕಾದರೆ ಅದರ ವ್ಯಾಕರಣದಿಂದಲೇ ಶುರು ಮಾಡಬೇಕು.

ಲ್ಯಾಟಿನ್ನಿನಲ್ಲಿ 'ಓರಿರಿ' ಅಂದರೆ ಏಳುವುದು, ಮೂಡುವುದು. ಸೂರ್ಯ ಮೂಡುವ ದಿಕ್ಕಿಗೆ 'ಓರಿಯೆಂಟ್' ಎಂಬ ಹೆಸರು ಬಂದದ್ದು ಇದೇ ಧಾತುವಿನಿಂದ. 'ಒರಿಗೋ' ಅಂದರೆ ಮೂಡಿದ ಜಾಗ, ಹುಟ್ಟು. ಅದು ಇಂಗ್ಲಿಷಿಗೆ ಬಂದು ವಿಶೇಷಣವಾಯಿತು, ಬಾಲ ಸೇರಿಸಿಕೊಂಡು ಕ್ರಿಯಾವಿಶೇಷಣವೂ ಆಯಿತು. ಇಂಗ್ಲಿಷರು ಅದನ್ನು ಮುಖ್ಯವಾಗಿ ಎರಡು ರೀತಿ ಬಳಸುತ್ತಾರೆ. 'ನಾನು ಒರಿಜಿನಲಿ ಕೋಲಾರದವನು' ಅಂದರೆ ಈಗ ಬೇರೆ ಕಡೆ ಇದ್ದೇನೆ, ಆದರೆ ಕೋಲಾರ ನನ್ನನ್ನು ಬಿಟ್ಟಿಲ್ಲ ಅಂತ. 'ಮೆಜೆಸ್ಟಿಕ್ ಬಸ್ ನಿಲ್ದಾಣ ಒರಿಜಿನಲಿ ಕೆರೆಯಾಗಿತ್ತು' ಅಂದರೆ ಈಗ ಕೆರೆ ಇಲ್ಲ ಅಂತ. ಹೊಸದಾಗಿ, ಸ್ವಂತವಾಗಿ ಯೋಚಿಸುವುದಕ್ಕೂ ಈ ಪದ ಇದೆ. ಆ ಅರ್ಥದಲ್ಲಿ ನಮ್ಮ ಜನರಿಗೆ ಯಾವ ಗೆಜೆಟಿಯರೂ ಇದನ್ನು ಬಳಸಿದ ಹಾಗೆ ಕಾಣೆ.

ಆ ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ಧರ್ಮಾಂಬುಧಿ ಕೆರೆಯನ್ನು ಒಣಗಿಸಿದವರು ಯಾರು, ಯಾವಾಗ, ಯಾರಿಗಾಗಿ, ಅದು ಯಾವುದೂ ಅಲ್ಲಿ ಇಲ್ಲ. ಮೊದಲು ಹೀಗಿತ್ತು, ಈಗ ಹಾಗಿಲ್ಲ, ಅಷ್ಟೆ. ನಡುವಿನ ಕ್ರಿಯಾಪದ ಮಾಯ. ಹೆಸರಿಗೆ ಕ್ರಿಯಾವಿಶೇಷಣ, ಮಾಡುವ ಕೆಲಸ ಕ್ರಿಯೆಯನ್ನು ಅಡಗಿಸುವುದು. ಕೆರೆ ವಿಷಯದಲ್ಲಿ ಇದು ಹೋಗಲಿ ಅನ್ನಬಹುದು. 'ಈ ಜನ ಒರಿಜಿನಲಿ ಭೂಮಿಯ ಒಡೆಯರಾಗಿದ್ದರು' ಅಂತ ಬರೆದಾಗ ಏನಾಗುತ್ತದೆ? ಕಿತ್ತುಕೊಂಡವನ ಕೈ ಕಾಣೋದಿಲ್ಲ.

ನಮ್ಮ ಕನ್ನಡಕ್ಕೂ ತನ್ನದೇ ಜಾಣತನ ಇದೆ, ಇಂಗ್ಲಿಷನ್ನೊಂದೇ ಬೈದು ಪ್ರಯೋಜನವಿಲ್ಲ. 'ಋಷಿಮೂಲ ನದಿಮೂಲ ಹುಡುಕಬಾರದು' ಅಂತ ಗಾದೆ. ಯಾರ ಮೂಲ ಹುಡುಕಬಾರದು? ಋಷಿಯದು. ಕೂಲಿಯವನ ಮೂಲ, ಸಗಣಿ ಬಾಚುವವಳ ಮೂಲ, ಚಪ್ಪಲಿ ಹೊಲಿಯುವವನ ಮೂಲ ಹುಡುಕಬಾರದು ಅಂತ ಯಾವ ಗಾದೆಯೂ ಇಲ್ಲ. ಅವರ ಮೂಲವನ್ನು ದಿನಾ ಹುಡುಕುತ್ತಾರೆ, ಬಾವಿಕಟ್ಟೆಯಲ್ಲಿ, ಹೋಟೆಲಿನಲ್ಲಿ, ದೇವಸ್ಥಾನದ ಬಾಗಿಲಲ್ಲಿ. ಪುರುಷಸೂಕ್ತ ಒಂದು ಮೂಲದ ಕತೆ ಹೇಳಿತು: ಬಾಯಿಂದ ಇಂಥವರು, ಪಾದದಿಂದ ಇಂಥವರು. ಪಾದಕ್ಕಿಂತ ಕೆಳಗೆ ಇಟ್ಟವರಿಗೆ ಆ ಕತೆಯಲ್ಲಿ ಮೂಲವೇ ಇಲ್ಲ. ಹನ್ನೆರಡನೇ ಶತಮಾನದ ಶರಣರು ಈ ಗಾದೆಯ ಮಾತು ಮುರಿದರು. ವ್ಯಾಸ, ಮಾರ್ಕಂಡೇಯರ ತಾಯಂದಿರು ಯಾವ ಕುಲದವರು ಅಂತ ಬಹಿರಂಗವಾಗಿ ಎಣಿಸಿ ಹೇಳಿದರು. ಅಂದರೆ ಮೂಲದ ಪ್ರಶ್ನೆಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿದರು.

ಈಗ ಬಿಳಿಯರ ಕಡತಕ್ಕೆ ಬರೋಣ. ಹಾಸನ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಹೊಲೆಯರ ಕೇರಿಯ ಬಗ್ಗೆ ಬರೆದ. ಕೇರಿ ಊರಿನ ಬೇಲಿಯಾಚೆ ಯಾಕಿದೆ ಅಂತ ಅವನಿಗೆ ಕುತೂಹಲ. ಮುಟ್ಟಿದರೆ ಮೈಲಿಗೆ ಅನ್ನುವ ಕಾರಣ ಅವನಿಗೆ ಸಿದ್ಧವಾಗಿ ಸಿಕ್ಕಿತ್ತು. ಆದರೆ ವಿಚಾರಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಬ್ರಾಹ್ಮಣ ಕೇರಿಗೆ ಬಂದರೆ ಹೊಲೆಯರು ಗುಂಪಾಗಿ ಎದ್ದು ಬಂದು ಚಪ್ಪಲಿಯಲ್ಲಿ ಹೊಡೆದು ಅಟ್ಟುತ್ತಿದ್ದರಂತೆ. ಅವನು ಬಂದು ಹೋದರೆ ಕೇರಿಗೆ ಕೇಡು ಅಂತ. ಮೈಲಿಗೆ ಎರಡು ಕಡೆಯಿಂದಲೂ ಇತ್ತು ಅಂದಹಾಗಾಯಿತು. ಮುಂದೆ 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯತೆಯ ಹುಟ್ಟನ್ನು ಹುಡುಕುವಾಗ ಹಾಸನದ ಈ ಸಂಗತಿಯನ್ನು ಸಾಕ್ಷಿಯಾಗಿ ಎತ್ತಿಕೊಂಡರು.

ಅದೇ ಮೆಕೆಂಜಿ ಕುಳವಾಡಿಯ ವಿಷಯವನ್ನೂ ಬರೆದಿದ್ದಾನೆ. ಎರಡು ಊರುಗಳ ನಡುವೆ ಎಲ್ಲೆಯ ಜಗಳ ಬಂದರೆ ಗೌಡನ ಮಾತಲ್ಲ, ಶಾನುಭೋಗನ ಕಾಗದವಲ್ಲ, ಕುಳವಾಡಿಯ ಹೆಜ್ಜೆಯೇ ತೀರ್ಪು. ಊರಿನ ಮಣ್ಣಿನಿಂದ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ಅದನ್ನು ಕೈಯಲ್ಲಿ ಹಿಡಿದು ಅವನು ಎಲ್ಲೆಗುಂಟ ನಡೆಯಬೇಕು. ಸರಿಯಾದ ಗೆರೆ ಹಿಡಿದು ನಡೆದರೆ ಉಂಡೆ ಗಟ್ಟಿಯಾಗಿರುತ್ತೆ. ತಪ್ಪಿ ಆಚೆ ಹೆಜ್ಜೆಯಿಟ್ಟರೆ ಉಂಡೆ ತಾನಾಗಿ ಒಡೆಯುತ್ತೆ, ಹದಿನೈದು ದಿನದಲ್ಲಿ ಅವನು ಸಾಯುತ್ತಾನೆ, ಮನೆ ಹಾಳಾಗುತ್ತೆ ಎಂಬ ನಂಬಿಕೆ. ನೆಲ ಎಲ್ಲಿಗೆ ಮುಗಿಯುತ್ತೆ ಅಂತ ಹೇಳುವ ಅಧಿಕಾರ ಯಾರಿಗಿದೆಯೋ ಅವರದೇ ಅಲ್ಲವೇ ಮೊದಲ ಹಕ್ಕು? ಈ ಆಚಾರಗಳನ್ನು ನೋಡಿ ಮೆಕೆಂಜಿ, ನೆಲವನ್ನು ಮೊದಲು ಹಿಡಿದವರು ಹೊಲೆಯರೇ ಇರಬೇಕು ಎಂಬ ಊಹೆಗೆ ಬಂದ. ಅವನ ಬರಹವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ತನ್ನ ಏಳು ಸಂಪುಟಗಳ ಜಾತಿಕೋಶಕ್ಕೆ ಎತ್ತಿಕೊಂಡ. ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ಈ ಮಾತು ನಡೆಯಿತು.

ಹೊಲೆಯ ಎಂಬುದು 'ಹೊಲ'ದಿಂದ ಬಂತೋ 'ಹೊಲೆ' ಅಂದರೆ ಮೈಲಿಗೆಯಿಂದ ಬಂತೋ ಅಂತ ಪಂಡಿತರು ಹಗ್ಗಜಗ್ಗಾಟ ಆಡುತ್ತಾರೆ. ಆಡಲಿ. ಒಂದು ಅಕ್ಷರದ ಮೇಲೆ ನಮ್ಮ ಹಕ್ಕನ್ನು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಕುಳವಾಡಿ ಹಿಡಿದ ಉಂಡೆ ಅಕ್ಷರಕ್ಕಿಂತ ಗಟ್ಟಿ ಸಾಕ್ಷಿ. ಆದರೆ ಗಮನಿಸಿ, ಈ ದೊರೆಗಳು 'ಮೊದಲು ಒಡೆಯರು' ಅಂತ ಬರೆದು, ಪಕ್ಕದಲ್ಲೇ 'ಈಗ ಕೂಲಿಗಳು' ಅಂತ ಬರೆದು, ಪೆನ್ನು ಮುಚ್ಚಿಟ್ಟರು. ಆ ಹೊತ್ತಿಗೆ ಅವರ ಕೈಯಲ್ಲೇ ಕಂದಾಯದ ಅಧಿಕಾರ ಇತ್ತು. ಎಲ್ಲೆ ಗುರುತಿಸಿದವನ ಹೆಸರು ಖಾತೆಯಲ್ಲಿ ಯಾಕಿಲ್ಲ ಅಂತ ಅವರು ತಮ್ಮ ಕಚೇರಿಯನ್ನೇ ಕೇಳಬಹುದಿತ್ತು. ಒಂದು ಕಡೆ ಮಾತ್ರ ಆ ಥರ ಕೇಳಿದ ಉದಾಹರಣೆ ಇದೆ. ಮದರಾಸಿನ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಟ್ರೆಮನ್‌ಹೀರ್ 1891ರಲ್ಲಿ ಪರೆಯರ ಸ್ಥಿತಿಯ ಬಗ್ಗೆ ವರದಿ ಕೊಟ್ಟು, ಭೂಮಿ ಕೊಡಿ ಅಂದ. 1892ರಲ್ಲಿ ಆದೇಶವಾಯಿತು. ತಮಿಳುನಾಡಿನಲ್ಲಿ ಇವತ್ತಿಗೂ 'ಪಂಚಮಿ ಭೂಮಿ' ಹೋರಾಟ ನಡೆಯುವುದು ಹಾಗೆ ಸಿಕ್ಕು, ಆಮೇಲೆ ಬೇರೆಯವರ ಪಾಲಾದ ಜಮೀನಿಗಾಗಿ.

ದಕ್ಷಿಣ ಕನ್ನಡದ ಕತೆ ಇನ್ನೂ ವಿಚಿತ್ರ. ಅಲ್ಲಿ 'ಮೂಲ' ಎಂಬ ಪದವೇ ಭೂಮಿಯ ಕಾನೂನಿನ ಪದ. ಮೂಲಿ ವರ್ಗ ಅಂದರೆ ವಂಶಪಾರಂಪರ್ಯವಾಗಿ ಬಂದ ಸ್ವಂತ ಆಸ್ತಿ. ಮೂಲಗೇಣಿ ಅಂದರೆ ಒಕ್ಕಲೆಬ್ಬಿಸಲಾಗದ ಶಾಶ್ವತ ಗೇಣಿ. ಮೂಲ ಅಂದರೆ ಅಲ್ಲಿ ಭದ್ರತೆ, ಬೇರು, ಹಕ್ಕು. ಈಗ ಅದೇ ಜಿಲ್ಲೆಯ 1890ರ ದಶಕದ ಕೈಪಿಡಿ ಹೊಲೆಯ ಕೂಲಿಗಳನ್ನು ಎರಡು ಭಾಗ ಮಾಡುತ್ತದೆ: ಮೂಲದ ಹೊಲೆಯರು, ಸಾಲದ ಹೊಲೆಯರು. ಸಾಲದ ಹೊಲೆಯರು ಅಂದರೆ ಸಾಲ ತೀರಿಸಲಾಗದೆ ಧಣಿಯ ಮನೆಗೆ ಕಟ್ಟುಬಿದ್ದವರು. ಮೂಲದ ಹೊಲೆಯರು ಅಂದರೆ? ಮೂಲಿ ವರ್ಗದ ಜೊತೆಗೇ ಅಂಟಿಕೊಂಡು ಬಂದ ಹಳೆಯ ಜೀತದವರು. ವರ್ಗದ ಜೊತೆಗೆ ಅವರೂ ಆಸ್ತಿ. ಗದ್ದೆ ಮಾರಿದರೆ ಕಟ್ಟಪುಣಿಯ ಜೊತೆ, ಬಾವಿಯ ಜೊತೆ, ಅವರೂ ಹೊಸ ಧಣಿಗೆ.

ಒಂದೇ ಪದ. ಧಣಿಗೆ ಹತ್ತಿದಾಗ ಅದು ಪಟ್ಟಾ, ಆಳಿಗೆ ಹತ್ತಿದಾಗ ಸಂಕೋಲೆ. ಧಣಿ ಮೂಲದಿಂದ ಇದ್ದಾನೆ, ಅದಕ್ಕೇ ಭೂಮಿ ಅವನದು. ಹೊಲೆಯನೂ ಮೂಲದಿಂದ ಇದ್ದಾನೆ, ಅದಕ್ಕೇ ಅವನು ಭೂಮಿಯವನು. ಇಂಗ್ಲಿಷರು ಕೆನರಾಕ್ಕೆ ಬಂದ ಹೊಸತರಲ್ಲಿ, 1801ರಲ್ಲಿ ಈ ದಾರಿಯಲ್ಲಿ ಓಡಾಡಿದ ಬುಕನನ್ನನ ಪ್ರವಾಸ ಗ್ರಂಥದಲ್ಲೂ ಇಲ್ಲಿನ ಗುಲಾಮರ ವಿಷಯ ಇದೆ. 1843ರಲ್ಲಿ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. ಕಾಗದದ ಮೇಲೆ ಬಿಡುಗಡೆಯಾಗಿ ಐವತ್ತು ವರ್ಷದ ಮೇಲೂ ಕೈಪಿಡಿ ಬರೆದವನಿಗೆ 'ಮೂಲದ ಹೊಲೆಯ' ಎಂಬ ಹೆಸರು ಬಳಕೆಯಲ್ಲೇ ಸಿಕ್ಕಿತು ಅಂದರೆ ಬಿಡುಗಡೆ ಎಂಥದ್ದು ಅಂತ ಲೆಕ್ಕ ಹಾಕಿಕೊಳ್ಳಿ. ಆಮೇಲೆ 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ ಅಂದರು. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಒಡೆಯರಾದರು, ಅದು ಸಣ್ಣ ಕೆಲಸವಲ್ಲ. ಆದರೆ ಕಾನೂನು ಹುಡುಕಿದ್ದು ಗೇಣಿ ಚೀಟಿ ಇದ್ದವನನ್ನು. ನೇಗಿಲು ಹಿಡಿದು ನಿಜವಾಗಿ ಉಳುತ್ತಿದ್ದ ಮೂಲದಾಳಿಗೆ ಚೀಟಿ ಎಲ್ಲಿಂದ ಬರಬೇಕು? ಅವನಿಗೆ ಬಹಳವೆಂದರೆ ಗುಡಿಸಲು ನಿಂತ ಜಾಗ.

ಇದೇ ಪದದ ಮತ್ತೊಂದು ಸಂತಾನ ಆಸ್ಟ್ರೇಲಿಯಾದಲ್ಲಿದೆ, ಅದನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 'ಅಬ್ ಒರಿಜಿನೆ' ಅಂದರೆ ಮೊದಲಿನಿಂದಲೂ, ಅಲ್ಲಿಂದ ಅಬೊರಿಜಿನಲ್. ಆ ನೆಲದ ಜನರಿಗೆ ಇಂಗ್ಲಿಷರು 'ಮೊದಲಿನಿಂದಲೂ ಇದ್ದವರು' ಅಂತಲೇ ಹೆಸರಿಟ್ಟರು, ಅದೇ ಬಾಯಲ್ಲಿ ಆ ನೆಲ ಯಾರದೂ ಅಲ್ಲ ಅಂತ ಕಾನೂನು ಮಾಡಿಕೊಂಡರು. ಹೆಸರಿಗೂ ಕಾನೂನಿಗೂ ಇದ್ದ ಈ ಸುಳ್ಳನ್ನು ಎಡ್ಡಿ ಮಾಬೊ ಮತ್ತು ಅವರ ಮೆರಿಯಂ ಜನ ನ್ಯಾಯಾಲಯಕ್ಕೆ ಎಳೆದರು. 1992ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮಾಬೊ ಅದನ್ನು ನೋಡಲಿಲ್ಲ, ಐದು ತಿಂಗಳ ಮೊದಲೇ ತೀರಿಕೊಂಡಿದ್ದರು.

ನಮ್ಮ ಕಡೆ ಮೂಲದ ಮಾತು ಹಿಡಿದ ದಾರಿ ಬೇರೆ. 1901ರ ಜನಗಣತಿಯಲ್ಲಿ ರಿಸ್ಲಿ ಜಾತಿಗಳನ್ನು ಮೇಲುಕೀಳಿನ ಸಾಲಿನಲ್ಲಿ ನಿಲ್ಲಿಸಲು ಹೊರಟ. ಕೂಡಲೇ ಅರ್ಜಿಗಳ ಮಳೆ. ನಾವು ಒರಿಜಿನಲಿ ಕ್ಷತ್ರಿಯರು, ನಾವು ಒರಿಜಿನಲಿ ಬ್ರಾಹ್ಮಣರು ಅಂತ ದೇಶದ ತುಂಬ ಜಾತಿಸಭೆಗಳು ವಂಶಾವಳಿ ಅಚ್ಚು ಹಾಕಿಸಿದವು. ಅದು ಏಣಿ ಹತ್ತುವ ಕೆಲಸ. ಜೋತಿಬಾ ಫುಲೆ ಅದಕ್ಕೂ ಮೊದಲೇ, 1873ರ 'ಗುಲಾಮಗಿರಿ'ಯಲ್ಲಿ, ಏಣಿಯನ್ನೇ ತಳ್ಳಿದ್ದರು: ನಾವು ಮೊದಲಿಗರು, ನೀವು ಬಂದವರು, ಕಿತ್ತುಕೊಂಡವರು. ಅವರ ಜನಾಂಗ ಸಿದ್ಧಾಂತ ಇವತ್ತು ನಿಲ್ಲುತ್ತೋ ಇಲ್ಲವೋ ಬೇರೆ ಮಾತು. ಅವರ ವಾಕ್ಯದಲ್ಲಿ ಕ್ರಿಯಾಪದ ಇತ್ತು, ಕರ್ತೃವೂ ಇದ್ದ.

ಅಲ್ಲಿಂದ 'ಆದಿ' ಚಳುವಳಿ ಬೆಳೆಯಿತು. 1917ರಲ್ಲಿ ಬೆಜವಾಡದಲ್ಲಿ ಭಾಗ್ಯರೆಡ್ಡಿ ವರ್ಮರ ಮುಂದಾಳುತನದಲ್ಲಿ ಪಂಚಮರು 'ಆದಿ ಆಂಧ್ರ' ಆದರು. 1922ರಲ್ಲಿ ಎಂ.ಸಿ. ರಾಜಾ ಮದರಾಸಿನ ಶಾಸನಸಭೆಯಲ್ಲಿ 'ಆದಿ ದ್ರಾವಿಡ' ಎಂಬ ಹೆಸರಿಗಾಗಿ ನಿರ್ಣಯ ತಂದರು. 1926ರಲ್ಲಿ ಪಂಜಾಬಿನಲ್ಲಿ ಮಂಗೂರಾಮರ ಆದಿಧರ್ಮ. ಮೈಸೂರು ಸಂಸ್ಥಾನದಲ್ಲೂ 1920ರ ದಶಕದಲ್ಲಿ 'ಪಂಚಮ' ಬಿಟ್ಟು 'ಆದಿ ಕರ್ನಾಟಕ', 'ಆದಿ ದ್ರಾವಿಡ' ಅಂತ ಸರ್ಕಾರ ಬರೆಯತೊಡಗಿತು. ಪಂಚಮ ಅಂದರೆ ಐದನೆಯವನು, ಲೆಕ್ಕದಿಂದ ಆಚೆಯವನು. ಆದಿ ಅಂದರೆ ಮೊದಲನೆಯವನು. ಐದರಿಂದ ಒಂದಕ್ಕೆ ಬಂದ ಆ ಹಿಗ್ಗನ್ನು ನಾನು ಹಗುರ ಮಾಡೋದಿಲ್ಲ. ಬಾಯಿಗೆ ಬಂದಂತೆ ಕರೆಸಿಕೊಳ್ಳುತ್ತಿದ್ದ ಜನಕ್ಕೆ ತಲೆಯೆತ್ತಿ ಹೇಳುವ ಒಂದು ಹೆಸರು ಸಿಕ್ಕಿತು. ಆದರೆ ಆ ಹೆಸರಿನ ಹಿಂದೆ ಒಂದು ಗುಂಟೆ ಜಮೀನೂ ಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಸರ್ಕಾರಕ್ಕೆ 'ಆದಿ' ಅಂತ ಕರೆಯೋದು ಅಗ್ಗದ ಬಾಬ್ತು.

ಬಾಬಾಸಾಹೇಬರು ಈ ಜಾಗದಲ್ಲಿ ಬೇರೆಯಾಗಿ ನಿಲ್ಲುತ್ತಾರೆ. ಮೂಲದ ಪ್ರಶ್ನೆ ಅವರಿಗೂ ಬೇಕಿತ್ತು. ಕೊಲಂಬಿಯಾದಲ್ಲಿ ವಿದ್ಯಾರ್ಥಿಯಾಗಿ 1916ರಲ್ಲಿ ಓದಿದ ಮೊದಲ ಪ್ರಬಂಧವೇ ಜಾತಿಯ ಹುಟ್ಟು ಮತ್ತು ಬೆಳವಣಿಗೆಯ ಮೇಲೆ. 1946ರಲ್ಲಿ ಶೂದ್ರರು ಯಾರು ಅಂತ ಬರೆದು, ಅವರು ಮೊದಲು ಕ್ಷತ್ರಿಯರೇ ಆಗಿದ್ದರು ಎಂದು ವಾದಿಸಿ, ಆ ಪುಸ್ತಕವನ್ನು ಫುಲೆಗೆ ಅರ್ಪಿಸಿದರು. ಆದರೆ 1948ರ ಪುಸ್ತಕದ ಹೆಸರನ್ನು ಪೂರ್ತಿ ಓದಿ: ಅಸ್ಪೃಶ್ಯರು, ಅವರು ಯಾರಾಗಿದ್ದರು ಮತ್ತು ಅವರು ಏಕೆ ಅಸ್ಪೃಶ್ಯರಾದರು. ಗೆಜೆಟಿಯರ್ ದೊರೆಗಳು ಮೊದಲ ಅರ್ಧಕ್ಕೆ ನಿಂತುಬಿಟ್ಟಿದ್ದರು. ಬಾಬಾಸಾಹೇಬರು ಎರಡನೇ ಅರ್ಧ ಸೇರಿಸಿದರು. 'ಆದರು' ಅಂದಮೇಲೆ ಆಗಿಸಿದವರು ಇರಬೇಕು, ಆದ ಕಾಲ ಇರಬೇಕು, ಕಾರಣ ಇರಬೇಕು. ಅವರು ಕಾಲವನ್ನೂ ಹೇಳಿದರು, ಕ್ರಿ.ಶ. 400ರ ಸುಮಾರು. ಕಾರಣವನ್ನೂ ಹೇಳಿದರು, ಬೌದ್ಧಧರ್ಮದ ಮೇಲಿನ ದ್ವೇಷ ಮತ್ತು ದನದ ಮಾಂಸದ ಪ್ರಶ್ನೆ. ಘುರ್ಯೆ ಪುಸ್ತಕದ ಮೂಗಿನ ಅಳತೆಗಳನ್ನೇ ಹಿಡಿದು, ಬ್ರಾಹ್ಮಣನಿಗೂ ಅಸ್ಪೃಶ್ಯನಿಗೂ ಜನಾಂಗದ ಭೇದ ಇಲ್ಲ ಅಂತ ತೋರಿಸಿದರು. ಅವರ ವಾದವನ್ನು ಎಲ್ಲ ಚರಿತ್ರೆಕಾರರೂ ಒಪ್ಪುವುದಿಲ್ಲ. ಒಪ್ಪದಿರಲಿ, ತೊಂದರೆಯಿಲ್ಲ. 'ಯಾಕಾದರು' ಎಂಬ ಪ್ರಶ್ನೆಗೆ ತಮ್ಮ ಉತ್ತರ ಕೊಡಲಿ.

ಈಗ ಹತ್ತಿರದ ಸಂಗತಿ. ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಒಳಮೀಸಲಾತಿಗೆ ದಾರಿ ಬಿಟ್ಟ ಮೇಲೆ, ನಮ್ಮಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಬರೆಸಿದವರ ಬಾಗಿಲಿಗೆ ಬಂದ ಗಣತಿದಾರರು ಕೇಳಿದ ಪ್ರಶ್ನೆ ಏನು? 'ನಿಮ್ಮ ಮೂಲ ಜಾತಿ ಯಾವುದು?' ಮೊದಲಿಗ ಎಂಬ ಹೆಸರಿಟ್ಟುಕೊಂಡವನಿಗೆ, ಮೊದಲು ನೀನು ಏನು ಅಂತ ಪ್ರಶ್ನೆ! ನಗುವಂತೆ ಕಂಡರೂ ನಗುವ ವಿಷಯವಲ್ಲ. ಆದಿ ಕರ್ನಾಟಕ ಅಂತ ಒಂದು ಕಡೆ ಹೊಲೆಯರು, ಮತ್ತೊಂದು ಕಡೆ ಮಾದಿಗರು ಬರೆಸಿದ್ದಾರೆ. ಹೆಸರಿನ ಗೌರವದ ಹೊದಿಕೆಯ ಕೆಳಗೆ ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ನೂರು ವರ್ಷ ಮುಚ್ಚಿಹೋಗಿತ್ತು. ಮಾದಿಗ ಸಂಘಟನೆಗಳು ದಶಕಗಟ್ಟಲೆ ತಮಟೆ ಬಡಿದು ಕೇಳಿದ್ದು ಆ ಲೆಕ್ಕವನ್ನೇ. ಕೆಲವರು ಭಯಕ್ಕೆ, ನಗರದಲ್ಲಿ ಮನೆ ಬಾಡಿಗೆಯ ಭಯಕ್ಕೆ, ಮೂಲ ಜಾತಿ ಹೇಳಲು ಹಿಂಜರಿದರೆ ಅದನ್ನು ಅವರ ತಪ್ಪು ಅನ್ನಲಾರೆ. ಹಾಗೆ ಹೇಳದೆ ಉಳಿದವರಿಗೆ ಆಯೋಗ ಪ್ರತ್ಯೇಕ ಗುಂಪು ಮಾಡಬೇಕಾಯಿತು. ಸರ್ಕಾರ ಆಗಸ್ಟ್‌ನಲ್ಲಿ ಆ ಗುಂಪನ್ನು ಕೈಬಿಟ್ಟು 6, 6, 5 ಎಂಬ ಮೂರು ಪಾಲು ಮಾಡಿತು.

ರಾಜ್ಯ ದಾಟಿದರೆ ಈ ಪದ ಇನ್ನೊಂದು ರೀತಿ ಕಚ್ಚುತ್ತದೆ. ಆಂಧ್ರದಿಂದ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ಕುಟುಂಬದ ವಿದ್ಯಾರ್ಥಿಯೊಬ್ಬನ ಮೆಡಿಕಲ್ ಸೀಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು: ಪರಿಶಿಷ್ಟ ಎಂಬ ಸ್ಥಾನ ಮೂಲ ರಾಜ್ಯಕ್ಕೆ ಸಂಬಂಧಿಸಿದ್ದು, ವಲಸೆ ಹೋದ ರಾಜ್ಯದಲ್ಲಿ ಅದು ತಾನಾಗಿ ನಡೆಯದು. ವಿಜಾಪುರ, ರಾಯಚೂರು ಕಡೆಯಿಂದ ಗೋವಾಕ್ಕೆ, ಮುಂಬಯಿಗೆ ದುಡಿಯಲು ಹೋದವರ ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಓದಿದರೂ ಅಪ್ಪನ ಊರಿನ ಕಾಗದಕ್ಕೆ ಅಲೆಯಬೇಕು, ಅಲೆದು ತಂದರೂ ಅಲ್ಲಿನ ರಾಜ್ಯದ ಮೀಸಲಾತಿ ಇಲ್ಲ. ಅಸ್ಪೃಶ್ಯತೆಗೆ ಮಾತ್ರ ಗಡಿಯಲ್ಲಿ ಯಾವ ಕಾಗದವನ್ನೂ ಕೇಳೋದಿಲ್ಲ.

ಕಡೆಗೆ ಜಮೀನಿನ ವಿಷಯ, ಯಾಕೆಂದರೆ ಇಲ್ಲಿ 'ಒರಿಜಿನಲಿ' ಒಮ್ಮೆಯಾದರೂ ನಮ್ಮ ಪರ ಕೆಲಸ ಮಾಡುವ ಕಾನೂನಿದೆ. 1978ರ ಪಿಟಿಸಿಎಲ್ ಕಾಯ್ದೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ, ಅನುಮತಿ ಇಲ್ಲದೆ ಯಾರಾದರೂ ಕೊಂಡಿದ್ದರೆ ಆ ಮಾರಾಟ ಅಸಿಂಧು. ಜಮೀನು 'ಮೂಲ ಮಂಜೂರುದಾರ'ನಿಗೆ ಅಥವಾ ಅವನ ವಾರಸುದಾರರಿಗೆ ವಾಪಸ್ಸು. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತೀರಾ ತಡವಾಗಿ ಬಂದರೆ ಆಗೋದಿಲ್ಲ ಅಂತ ಹೇಳಿ ಸಾವಿರಾರು ಅರ್ಜಿಗಳ ಮೇಲೆ ನೀರು ಎರಚಿದಂತಾಯಿತು. ಓದು ಬರಹ ಇಲ್ಲದವನಿಗೆ, ಧಣಿಯ ಕಣದಲ್ಲೇ ದುಡಿಯುವವನಿಗೆ, ತಡವಾಗದೆ ಏನಾಗುತ್ತೆ? ಹೋರಾಟದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆಮೇಲೂ 'ತಡ' ಎಂಬ ವಾದ ನ್ಯಾಯಾಲಯಗಳಲ್ಲಿ ನಿಂತಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ನಿಮ್ಮ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗುತ್ತೆ. ಒಂಬತ್ತನೇ ಕಾಲಂನಲ್ಲಿ ಈಗಿನ ಒಡೆಯನ ಹೆಸರು ಇರುತ್ತೆ, ಎಲ್ಲರೂ ಅದನ್ನೇ ಓದಿ ಮಡಚುತ್ತಾರೆ. ಹತ್ತನೇ ಕಾಲಂನಲ್ಲಿ ಆ ಜಮೀನು ಅವನಿಗೆ ಹೇಗೆ ಬಂತು ಅಂತ ಇರುತ್ತೆ, ಮ್ಯುಟೇಶನ್ ನಂಬರ್ ಸಮೇತ. ಆ ನಂಬರ್ ಹಿಡಿದು ಹಿಂದಕ್ಕೆ ಹೋಗಿ. ಕೇರಿಯ ಹಳೆ ಟ್ರಂಕುಗಳಲ್ಲಿ ಸಾಗುವಳಿ ಚೀಟಿ ಇದೆಯೋ ನೋಡಿ, ಗೆದ್ದಲು ತಿನ್ನುವ ಮೊದಲು ಒಂದು ಜೆರಾಕ್ಸ್ ತೆಗೆಸಿಡಿ. ತೋಟಿ, ತಳವಾರ, ನೀರಗಂಟಿಗಳ ಇನಾಮ್ತಿ ಜಮೀನು ಆಗಿದ್ದರೆ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯ ಕೆಳಗೆ ಮರುಮಂಜೂರು ಯಾರ ಹೆಸರಿಗಾಯಿತು, ಆಮೇಲೆ ಯಾವ ವರ್ಷ ಯಾರ ಹೆಸರಿಗೆ ಹೋಯಿತು, ಎಷ್ಟು ರೂಪಾಯಿಗೆ ಹೋಯಿತು, ಹೆಬ್ಬೆಟ್ಟು ಯಾರದು, ಸಾಕ್ಷಿ ಹಾಕಿದವರು ಯಾರು ಅಂತ ಬರೆದಿಡಿ.